ತಾಡಪತ್ರಿ ಹೊದಿಸಿದ ರಾಶಿ

ಹಳೇ ಡಾಂಬರಿನ ರಾಶಿ ಹತ್ತುವ ಮುಂಚೆ ಮಲ್ಲಮ್ಮ ಚಪ್ಪಲಿ ಬಿಡುತ್ತಿದ್ದಳು. ರಸ್ತೆಯಿಂದ ಯಂತ್ರ ಕೆರೆದು ತೆಗೆದ ಕರೀ ಪುಡಿ, ಹೆಂಟೆ, ಜಲ್ಲಿಯ ರಾಶಿ ಅದು. ಬಿಸಿಲಿಗೆ ಕಾದಿರುತ್ತಿತ್ತು, ಕಾಲಿಗೆ ಚುಚ್ಚುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಡೆಯಲಾರದೆ ಯಾಕೆಂದು ಕೇಳಿಬಿಟ್ಟೆ.

"ರಸ್ತಿ ಇದ್ದಾಗ ಮಂದಿ ತುಳಿದದ್ದು ಸಾಲ್ದೇನ್ರಿ ಮೇಡಂ? ಈಗರೆ ಆರಾಮ ಇರ್ಲಿ ಬಿಡ್ರಿ" ಅಂದಳು.

ಮುಂಬಯಿ ಹತ್ತಿರದ ಕಲ್ಯಾಣದ ಹೊರಗಿನ ಆ ಡಾಂಬರು ಪ್ಲಾಂಟಿನಲ್ಲಿ ನಾನು ಲ್ಯಾಬ್ ಇಂಜಿನಿಯರ್. ಹಳೆಯದನ್ನು ಹೊಸ ಜಲ್ಲಿ, ಹೊಸ ಡಾಂಬರಿನ ಜೊತೆ ಬಿಸಿಯಾಗಿ ಕಲಸಿ ಮತ್ತೆ ರಸ್ತೆಗೆ ಹಾಕುತ್ತಿದ್ದೆವು. ಅದು ಬಾಳಿಕೆ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ರಾಶಿಯಿಂದ ಪ್ಲಾಸ್ಟಿಕ್ಕು, ಚಿಂದಿ, ತಂತಿ ಆರಿಸಿ ತೆಗೆಯುವುದು, ಸಂಜೆ ಮೇಲೆ ನೀರು ತಾಗದಂತೆ ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಹೇರುವುದು ಮಲ್ಲಮ್ಮನ ಕೆಲಸ. ಡೊಂಬಿವಲಿಯಲ್ಲಿ ಹುಟ್ಟಿ, ಮನೆಯಲ್ಲಿ ತುಳು, ಲೋಕಲ್ ರೈಲಿನಲ್ಲಿ ಮರಾಠಿ ಆಡುವ ನನ್ನ ಕನ್ನಡ ಕೇಳಿದರೆ ಆ ಕಲಬುರಗಿ ಹೆಂಗಸಿಗೆ ನಗು. "ಎಷ್ಟು ಚಂದ ಓದ್ತೀರಿ ಮೇಡಂ!" ಎನ್ನುತ್ತಿದ್ದಳು, ನಾನು ಬರೀ ಮಾತಾಡುತ್ತಿದ್ದರೂ.

ಹಳೇ ಡಾಂಬರಿಗೆ ನೀರೇ ವೈರಿ. ತೇವ ಉಳಿದರೆ ಹೊಸ ಡಾಂಬರು ಕಲ್ಲಿಗೆ ಅಂಟುವುದಿಲ್ಲ. ಆ ತೇವ ತಿಳಿಯಲು ನಾನು ಸ್ಯಾಂಪಲ್ ತೂಗಿ, ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಬೇಕಿತ್ತು. ಅವಳು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಮುಗಿಯಿತು. "ಇವತ್ತು ಬ್ಯಾಡ್ರಿ, ಹೊಟ್ಟ್ಯಾಗ ನೀರದ" ಎಂದಳೆಂದರೆ ಓವನ್ನೂ ಮಧ್ಯಾಹ್ನದ ಹೊತ್ತಿಗೆ ಅದನ್ನೇ ಹೇಳುತ್ತಿತ್ತು. ನನಗೆ ಒಳಗೊಳಗೇ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ಚಳಿಗಾಲ ಡೊಂಬಿವಲಿಯ ಕಾರ್ಖಾನೆಗಳ ಕಡೆಯಿಂದ ಹಳೇ ಡಾಂಬರು ಹೊತ್ತ ಟಿಪ್ಪರುಗಳು ಬಂದವು. ಯಾವ ರಸ್ತೆಯದೆಂದು ಡ್ರೈವರ್ ಹೇಳಿದ್ದೇ ತಡ, ಮಲ್ಲಮ್ಮ ಅಲ್ಲೇ ಕುಕ್ಕರಿಸಿ ಕುಳಿತಳು. ಅವಳ ಗಂಡ ಸಾಯಬಣ್ಣ ಆ ರಸ್ತೆಗೆ ಡಾಂಬರು ಹಾಸಿದವರಲ್ಲಿ ಒಬ್ಬ. ಅದೇ ಅವನ ಕೊನೆಯ ಕೆಲಸ. ಆಮೇಲೆ ಎದೆನೋವು ಬಂದು ಹೋಗಿಬಿಟ್ಟ. ಆ ಮಾಲನ್ನು ಅವಳು ಮೂಲೆಯಲ್ಲಿ ಬೇರೆ ಹಾಕಿಸಿ, ಎರಡೆರಡು ತಾಡಪತ್ರಿ ಹೊದಿಸಿದಳು.

"ನಮ್ಮ ಗಲ್ಲಿ ಮುಂದಿನ ರಸ್ತಿ ಮಾಡ್ತೀರಂತಲ್ಲ, ಇದನ್ನ ಅಲ್ಲಿ ಹಾಕ್ರಿ ಮೇಡಂ. ದಿನಾ ಓಡ್ಯಾಡ್ತೀನಿ. ಬ್ಯಾರೆ ಏನೂ ಕೇಳಂಗಿಲ್ಲ ನಿಮಗ."

"ಖಂಡಿತ ಹಾಕಿಸ್ತೇನೆ ಮಲ್ಲಮ್ಮ" ಎಂದು ನಾನು ಮಾತು ಕೊಟ್ಟೆ.

ಮೇ ತಿಂಗಳ ಕೊನೆಗೆ ಆ ಗಲ್ಲಿ ರಸ್ತೆಯ ಸರದಿ ಬಂತು. ಮಲ್ಲಮ್ಮ ಜ್ವರದಲ್ಲಿ ಮಲಗಿದ್ದಳು. ಮಾಲು ತುಂಬಲೆಂದು ಯಾರೋ ತಾಡಪತ್ರಿ ಸರಿಸಿದ್ದರು, ಹೊದಿಸಲು ಮರೆತರು. ಆ ಸಂಜೆಯೇ ದಬದಬನೆ ಮಳೆ. ಮರುದಿನ ಓವನ್ ಸ್ಪಷ್ಟವಾಗಿ ಹೇಳಿತು: ಒದ್ದೆ. ಎರಡು ದಿನ ಹರಡಿ ಒಣಗಿಸಿದ್ದರೆ ಸಾಕಿತ್ತು. ಆದರೆ ಮಳೆಗಾಲಕ್ಕೆ ಮುಂಚೆ ಮುಗಿಸಬೇಕೆಂದು ಮೇಲಿನವರ ಫೋನಿನ ಮೇಲೆ ಫೋನು. ಬಿಸಿಗೆ ಹೇಗೂ ಆರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ. ಅರ್ಧ ರಾಶಿ ರಸ್ತೆಗೆ ಹೋಯಿತು.

ಜುಲೈಯಲ್ಲಿ ಕಲ್ಲುಗಳು ಏಳತೊಡಗಿದವು. ಒಂದು ಬೆಳಿಗ್ಗೆ ಮಲ್ಲಮ್ಮ ಲ್ಯಾಬಿಗೆ ಬಂದು, ಸೆರಗಿನಿಂದ ಒಂದು ಹಿಡಿ ಜಲ್ಲಿ ನನ್ನ ಮೇಜಿನ ಮೇಲೆ ಸುರಿದಳು. ಮೈಯೆಲ್ಲ ತೊಯ್ದಿತ್ತು.

"ಹಾಕೂ ಮುಂಚೆ ನೋಡಿದ್ರೇನ್ರಿ ಮೇಡಂ?"

"ನೋಡಿದ್ದೆ."

"ಹಸಿ ಅದ ಅಂತ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಕಲ್ಲುಗಳನ್ನೇ ನೋಡುತ್ತ ಹೇಳಿದಳು: "ಹಳೇ ಡಾಂಬರು ಹಾಕ್ಯಾರ, ಅದಕ್ಕ ಕಿತ್ತು ಹೋತು ಅಂತ ಗಲ್ಲಿ ಮಂದಿ ಅಂತಾರ. ನಿಮಗ್ಯಾರೂ ಏನೂ ಅನ್ನಂಗಿಲ್ಲ. ಕೆಟ್ಟ ಹೆಸರು ಅವನಿಗೇ, ಅವನ ಮಾಲು ಖೊಟ್ಟಿ ಆತು ನೋಡ್ರಿ."

ಅವಳು ಹೇಳಿದಂತೆಯೇ ಆಯಿತು. ಆ ವಾರದ ಮೀಟಿಂಗಿನಲ್ಲಿ ಹಳೇ ಮಾಲಿಗೆ ಬಾಳಿಕೆ ಇಲ್ಲವೆಂದು ಬರೆದರು. ನಾನು ಅಲ್ಲೇ ಕುಳಿತಿದ್ದೆ, ತುಟಿ ಬಿಚ್ಚಲಿಲ್ಲ. ಮಲ್ಲಮ್ಮ ಆಮೇಲೆ ಕೆಲಸಕ್ಕೆ ಬರಲಿಲ್ಲ. ಜ್ವರ ಮರುಕಳಿಸಿ, ಮಗ ಊರಿಗೆ ಕರೆದುಕೊಂಡು ಹೋದನೆಂದು ತಿಳಿಯಿತು. ಉಳಿದರ್ಧ ರಾಶಿಗೆ ದಿನಾ ಸಂಜೆ ನಾನೇ ನಿಂತು ತಾಡಪತ್ರಿ ಹೊದಿಸತೊಡಗಿದೆ. ಅದೊಂದರಿಂದ ಸಮಾಧಾನ ಎಲ್ಲಿಂದ ಬರಬೇಕು? ದೀಪಾವಳಿ ಕಳೆದ ಮೇಲೆ ಕೊನೆಗೂ ಬರೆದುಕೊಟ್ಟೆ: ಮಾಲು ಚೆನ್ನಾಗಿತ್ತು, ಒದ್ದೆಯಾಗಿತ್ತು, ಗೊತ್ತಿದ್ದೂ ಸಹಿ ಹಾಕಿದವಳು ನಾನು. ನೋಟಿಸು ಬಂತು, ಬರಲಿ. ಕಿತ್ತುಹೋದ ಜಾಗಕ್ಕೆ ಆ ಉಳಿದ ರಾಶಿಯನ್ನೇ ಹಾಕಲು ಒಪ್ಪಿಗೆಯೂ ಬಂತು.

ರಸ್ತೆ ಮುಗಿದ ದಿನ ಅಲ್ಲಿಂದಲೇ ಅವಳಿಗೆ ಫೋನ್ ಮಾಡಿದೆ. ಮಗ ಎತ್ತಿಕೊಂಡ.

"ಅವ್ವ ಹೋಗಿ ಹನ್ನೊಂದು ದಿನ ಆತ್ರಿ. ಏನರೆ ಹೇಳೋದಿತ್ತೇನ್ರಿ?"

ಏನಿಲ್ಲಪ್ಪ ಎಂದೆ. ರೋಲರಿನ ಪಕ್ಕ ನಿಂತು ನಾಚಿಕೆ ಬಿಟ್ಟು ಅತ್ತೆ.

ಎರಡು ಮಳೆಗಾಲ ಕಳೆದವು. ಜೋರು ಮಳೆ ಬಂದ ಮರುದಿನ ಆ ಗಲ್ಲಿಗೆ ಹೋಗಿ ಬರುತ್ತೇನೆ. ಮಂದಿ ತುಳಿಯುತ್ತಾರೆ, ರಿಕ್ಷಾಗಳು ಓಡುತ್ತವೆ, ನೀರಿನ ಟ್ಯಾಂಕರ್ ನಿಲ್ಲುತ್ತದೆ. ಒಂದು ಕಲ್ಲೂ ಎದ್ದಿಲ್ಲ ಮಲ್ಲಮ್ಮ. ನಿನ್ನ ಗಂಡನ ಮಾಲು ಖೊಟ್ಟಿಯಾಗಿರಲಿಲ್ಲ.