ಕರೆಂಟ್ ಹೋದಾಗ ಕೊಟ್ಟ ಮಾತು

ಮೊನ್ನೆ ಹೊಲಿಗೆ ಮಿಷನ್ ರಿಪೇರಿ ಅಂಗಡಿಯಲ್ಲಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು, ಥೇಟ್ ಮಗ್ಗದ ಎಣ್ಣೆಯದೇ. ದೊಡ್ಡಬಳ್ಳಾಪುರದ ನಮ್ಮ ಎದುರುಮನೆ ಅಂಕಲ್ ನೆನಪಾದರು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅವರ ದನಿಯಲ್ಲಿ ಅವರ ಹೆಂಡತಿಗೇ ಫೋನ್ ಮಾಡಿದ ಕೋತಿ ನಾನು.

ನಮ್ಮದು ಮಗ್ಗದ ಬೀದಿ. ಪವರ್‌ಲೂಮ್ ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಕರೆಂಟ್ ಹೋಗಿ ಮಗ್ಗ ನಿಂತಿತೋ, ಅಂಕಲ್ ಬಾಯಿ ಶುರು. ಜಗಲಿಯಲ್ಲಿ ಕೂತು, ಇಡೀ ಬೀದಿಗೆ ಕೇಳುವಂತೆ ಆಂಟಿಗೆ ಮಾತು ಕೊಡುತ್ತಿದ್ದರು. "ಮೇಲೊಂದು ಮಹಡಿ ಎತ್ತಿಸ್ತೀನಿ, ಮನೆಗೆ ನಿನ್ನ ಹೆಸರೇ ಇಡ್ತೀನಿ." ಅಷ್ಟರಲ್ಲಿ ಕರೆಂಟ್ ಬರುತ್ತಿತ್ತು. ಆಂಟಿ ಎದ್ದು ಕಡಿದ ಎಳೆಗಳಿಗೆ ಗಂಟು ಹಾಕಲು ಹೋಗುತ್ತಿದ್ದರು, ಅಂಕಲ್ ಟೀ ಅಂಗಡಿಗೆ.

ಆಂಟಿಯ ಕಣ್ಣು ಮಂಜಾಗುತ್ತಿತ್ತು. ರೇಷ್ಮೆ ಎಳೆಯನ್ನು ಬೆರಳಲ್ಲಿ ತಡಕಾಡಿ ಹುಡುಕುತ್ತಿದ್ದರು. ಆಸ್ಪತ್ರೆ ಆಟೋದಲ್ಲಿ ಹತ್ತು ನಿಮಿಷ. ಅಂಕಲ್ ಘನತೆಗೆ ಅದು ಸಾಲಬೇಕಲ್ಲ. "ಇಲ್ಲೆಲ್ಲ ಯಾಕೆ? ಚೆನ್ನೈಗೇ ಕರ್ಕೊಂಡ್ ಹೋಗ್ತೀನಿ, ವಿಮಾನದಲ್ಲಿ." ದೇವನಹಳ್ಳಿ ಕಡೆಯಿಂದ ಎದ್ದ ವಿಮಾನಗಳು ದಿನಾ ತಲೆ ಮೇಲೆ ಹಾರುತ್ತಿದ್ದವು... ಅಂಕಲ್ ಜಗಲಿ ಬಿಟ್ಟು ಏಳಲಿಲ್ಲ. ಹೀಗೇ ಎರಡು ವರ್ಷ. ನಾನೇನು ಕಮ್ಮಿ? ಅದೇ ವಿಮಾನವನ್ನು ಅವರ ದನಿಯಲ್ಲಿ ಹಾರಿಸಿ, ಗೆಳೆಯರಿಂದ ಬನ್ನು, ಟೀ ಗಿಟ್ಟಿಸುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟ್ ಇರಲಿಲ್ಲ. ಯುಪಿಎಸ್ ಇದ್ದದ್ದು ನಮ್ಮ ಮನೆಯಲ್ಲಿ. ಅಂಕಲ್ ತಮ್ಮ ಫೋನನ್ನು ಇಲ್ಲೇ ಚಾರ್ಜಿಗೆ ಹಾಕಿ ಪೇಟೆ ಕಡೆ ಹೋದರು. ಲಾಕೂ ಇಲ್ಲದ ಫೋನು. ಕೈ ಸುಮ್ಮನಿರಲಿಲ್ಲ. ಆಂಟಿಗೆ ಫೋನ್ ಮಾಡಿ, ಗಂಟಲು ದಪ್ಪ ಮಾಡಿಕೊಂಡು, "ಲೇ ಇವಳೇ, ಈಗ್ಲೇ ರೆಡಿಯಾಗು, ಕಣ್ಣು ತೋರಿಸ್ಕೊಂಡ್ ಬರೋಣ" ಅಂದೆ.

ಐದೇ ನಿಮಿಷ. ಆಂಟಿ ಸೀರೆ ಬದಲಾಯಿಸಿ, ಕೈಯಲ್ಲಿ ಪರ್ಸು ಹಿಡಿದು ನೇರ ನಮ್ಮ ಬಾಗಿಲಿಗೇ ಬಂದು ನಿಂತರು.

ಆಸ್ಪತ್ರೆಗೆ ಹೋದದ್ದು ನಾವಿಬ್ಬರೇ. ಆಪರೇಷನ್ ಆಗಿ ಎಡಗಣ್ಣು ಉಳಿಯಿತು. ಬಲಗಣ್ಣಿಗೆ ತಡವಾಯಿತು ಅಂದರು ಡಾಕ್ಟರು. ಈಗ ಅಂಕಲ್ ಇಲ್ಲ. ಮಗ್ಗ ಮಾರಿ ಆಂಟಿ ಮಗಳ ಊರು ಸೇರಿದರು. ಅಂಕಲ್ ಹೋದಾಗ ನನಗೆ ಅಳು ಬರಲಿಲ್ಲ, ಸುಳ್ಳೇಕೆ. ಸಂಕಟವೆಲ್ಲ ಆ ಬಲಗಣ್ಣಿನದ್ದು... ಬನ್ನು ತಿನ್ನುತ್ತಾ ಕಳೆದ ಎರಡು ವರ್ಷದಲ್ಲಿ ಒಂದು ಆಟೋ ನಾನೂ ಕರೆಯಬಹುದಿತ್ತು.

ಅವತ್ತು ಬಾಗಿಲಲ್ಲಿ, "ಆಂಟಿ, ತಮಾಷೆಗೆ ಮಾಡ್ದೆ... ನಂಬಿಬಿಟ್ರಾ?" ಎಂದು ತೊದಲಿದ್ದೆ.

"ನಂಬಕ್ಕೆ ನಂಗೇನ್ ಹುಚ್ಚಾ? ದನಿಯೇನೋ ಅವರದೇ. ಆದ್ರೆ ಮದ್ವೆಯಾದಾಗಿಂದ ಅವರು 'ಈಗ್ಲೇ' ಅಂದಿದ್ದೇ ಇಲ್ಲ. ಅಂದೋನು ನೀನು ತಾನೆ? ಆಟೋ ಕರಿ."