ಸಾಬೂನು ಕೋಣೆಯ ತಪ್ಪಿನ ಹಾಳೆ

ಇವಳ ಅಜ್ಜ ಆ ಸಾಬೂನು ಕಾರ್ಖಾನೆಯ ಮೊದಲ ಕೊಪ್ಪರಿಗೆಗೆ ಬೆಂಕಿ ಹಾಕಿದವನು. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಲೇ ಬಾಯಿಯ ರುಚಿಯನ್ನೆಲ್ಲ ಕಳೆದುಕೊಂಡ. ಇವಳ ಅಪ್ಪ ಒಮ್ಮೆ ಇಡೀ ಕೊಪ್ಪರಿಗೆ ಕೆಡಿಸಿ, ಎಲ್ಲರೆದುರು "ಕೈತಪ್ಪಿದ್ದು ನಂದೇ" ಎಂದ. ಹಳೆಯ ಧಣಿ ಬೈಯಲಿಲ್ಲ. ಎರಡೂ ಪಾಳಿಯವರನ್ನು ಕೂರಿಸಿ, ಹೇಗೆ ಕೆಟ್ಟಿತೆಂದು ಅವನ ಬಾಯಿಂದಲೇ ಹೇಳಿಸಿದ. ಆಮೇಲೆ ಹದಿನೆಂಟು ವರ್ಷ ಆ ತಪ್ಪು ಆ ಕೋಣೆಯತ್ತ ತಲೆ ಹಾಕಲಿಲ್ಲ.

ಇವಳು ಅದೇ ಕೊಪ್ಪರಿಗೆಯ ಮುಂದೆ ನಿಂತ ಮೂರನೆಯ ತಲೆಮಾರು. ಎಣ್ಣೆಯನ್ನು ಸಾಬೂನಾಗಿಸುವ ಸುಡು ಕ್ಷಾರ ಕಾಸ್ಟಿಕ್ ಹೆಚ್ಚಾದರೆ ಪಾಕ ನಾಲಿಗೆಯನ್ನು ಚುರುಕ್ಕೆಂದು ಕಚ್ಚುತ್ತದೆ. ಅದನ್ನು ಅಳೆಯುವ ಮೀಟರು ಕೆಟ್ಟ ದಿನವೂ ಇವಳ ಅಂದಾಜು ಕೆಟ್ಟದ್ದಿಲ್ಲ.

ಅಂಥ ಜಾಗಕ್ಕೆ ಹೊಸ ಮ್ಯಾನೇಜರ್ ಬಂದು ವಕ್ಕರಿಸಿದ. ಕೆಲಸಗಾರರ ತಲೆಯೊಳಗಿನ ಜ್ಞಾನವನ್ನೆಲ್ಲ ಕಂಪ್ಯೂಟರಿಗೆ ತುಂಬುತ್ತೇನೆಂದು ಹೊರಟ, ಬಾವಿಯನ್ನು ಬುಟ್ಟಿಯಲ್ಲಿ ಹೊತ್ತೊಯ್ಯುವವನ ಹಾಗೆ. ಪ್ರತಿ ಪಾಳಿಗೂ ತಲೆಗೊಂದು ಹಾಳೆ: ಇವತ್ತು ಏನು ತಪ್ಪಾಯಿತು, ಹೇಗೆ ಸರಿಮಾಡಿದಿರಿ? ಇವಳು ನಂಬಿ, ಇದ್ದದ್ದನ್ನು ಇದ್ದ ಹಾಗೆ ಬರೆದಳು. ಆ ಪುಣ್ಯಾತ್ಮ ಅದರಲ್ಲಿ ಇವಳ ಹೆಸರಿನಡಿ ಕೆಂಪು ಗೆರೆ ಎಳೆದು, ಕೈತೊಳೆಯುವ ತೊಟ್ಟಿಯ ಮೇಲಿನ ಗೋಡೆಗೆ ಅಂಟಿಸಿದ. ಎಲ್ಲರೂ ಕಲಿಯಲಿ ಎಂದಂತೆ! ಕಲಿತರು ಬಿಡಿ. ಮರುದಿನದಿಂದ ಯಾರ ಹಾಳೆ ನೋಡಿದರೂ ಒಂದೇ ಉತ್ತರ: "ಏನೂ ಇಲ್ಲ." ಅಂಥ ಮುನ್ನೂರು ಹಾಳೆ ಪೇರಿಸಿಕೊಂಡು ಅವನು, ಜ್ಞಾನ ಬೆಳೆಯಿತೆಂದು ಮೀಸೆ ತಿರುವಿದ. ಮಾನ ಹೋದ ಮನುಷ್ಯ ಬಾಯಿಗೆ ಬೀಗ ಜಡಿದುಕೊಳ್ಳುತ್ತಾನೆ ಎಂಬಷ್ಟು ತಿಳಿಯಲು ಕಾಲೇಜಿನ ಮೆಟ್ಟಿಲು ಹತ್ತಬೇಕಿಲ್ಲ. ಹತ್ತಿದವನಿಗೇ ಅದು ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ಮಕ್ಕಳ ಸಾಬೂನಿನ ಪಾಕ ಅಚ್ಚಿಗೆ ಹೋಗುವುದರಲ್ಲಿತ್ತು. ಇವಳು ಮುಟ್ಟಿ ನೋಡಿದರೆ ನಾಲಿಗೆ ಉರಿದುಹೋಯಿತು. ಕಾಸ್ಟಿಕ್ ಸುರಿಯುವ ಕೆಲಸ ಒಡಹುಟ್ಟಿದ ತಂಗಿಯದು. ಅವಳ ಮುಖ ಸುಣ್ಣವಾಗಿತ್ತು.

"ಎರಡು ಸಲ ಸುರಿದ್ಯೇನೇ?"

"ಹೂಂ ಅಕ್ಕಾ. ನಿನ್ನ ದಮ್ಮಯ್ಯ, ಬಾಯಿ ಬಿಡಬೇಡ ಕಣೇ. ನನ್ನ ಹೆಸರೂ ಗೋಡೆ ಹತ್ತುತ್ತೆ."

"ಕೂಸುಗಳ ಮೈ ಸುಟ್ಟುಹೋದ್ರೆ?"

ಇವಳು ನೆಟ್ಟಗೆ ಹೋಗಿ ಅಚ್ಚಿನ ಯಂತ್ರ ನಿಲ್ಲಿಸಿದಳು. ಮ್ಯಾನೇಜರ್ ಬಿದ್ದಂಬೀಳ ಓಡಿಬಂದ.

"ಯಾರದು ತಪ್ಪು? ಮೊದಲು ಹೆಸರು ಹೇಳಿ!"

"ಕಾಸ್ಟಿಕ್ ಎರಡು ಸಲ ಬಿದ್ದಿದೆ. ಎಣ್ಣೆ ಹಾಕಿ ಮತ್ತೆ ಕುದಿಸಬೇಕು. ಹೆಸರು ಕುದಿಸಿದ್ರೆ ಸಾಬೂನಾಗಲ್ಲ ಸ್ವಾಮಿ."

ಕೋಣೆಯೆಲ್ಲ ಕಿಸಕ್ಕೆಂದಿತು. ಅವನ ಕಿವಿ ಕೆಂಪಾಯಿತು. ಆಮೇಲೆ ದನಿಗೆ ಬೆಣ್ಣೆ ಸವರಿಕೊಂಡ.

"ಅಮ್ಮಾ, ನಿಮಗೆ ಸಿಟ್ಟು ಜಾಸ್ತಿ. ಭಾವನೆಗಳನ್ನ ಹತೋಟಿಗೆ ತರೋಕೆ ಮೂರು ದಿನದ ತರಬೇತಿ ಇದೆ, ಸರ್ಟಿಫಿಕೇಟೂ ಕೊಡ್ತಾರೆ. ಹೆಸರು ಹೇಳಿಬಿಡಿ, ನಾನೇ ಸಹಾಯ ಮಾಡ್ತೀನಿ. ಇಲ್ಲಾಂದ್ರೆ ನಿಮ್ಮ ಕೆಲಸಕ್ಕೇ ಕುತ್ತು."

ಇವಳು ಎಣ್ಣೆಯ ಡಬ್ಬದ ಒಂದು ಹಿಡಿಗೆ ಕೈ ಹಾಕಿದಳು. ಇನ್ನೊಂದು ಹಿಡಿಯನ್ನು ತಂಗಿ ಬಂದು ಹಿಡಿದಳು, ಎಲ್ಲರೂ ನೋಡುತ್ತಿದ್ದಂತೆಯೇ. ಇವಳು ಮ್ಯಾನೇಜರ್ ಕಡೆ ತಿರುಗಿದಳು.

"ನಿನ್ನ ಸಹಾಯ ನನಗೆ ಬೇಡಪ್ಪಾ. ನನ್ನ ಸಿಟ್ಟು ನಾನೇ ಸಾಕಿದ್ದು, ನಾನೇ ನೋಡ್ಕೋತೀನಿ. ಕೆಲಸದಿಂದ ತೆಗೀತೀಯಾ? ತೆಗಿ, ಈ ಪಾಕ ಹದಕ್ಕೆ ಬಂದ ಮೇಲೆ ತೆಗಿ. ಈಗ ದಾರಿ ಬಿಡು."