ಯಾರದೋ ಮನೆಯ ಊಟ

ಕೈ ತೊಳೆದು ಕೂರುವ ಮುಂಚೆ ಯಾತಕ್ಕೆ ಈ ಊಟ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಕಿರ್ಗಿಸ್ತಾನದ ಬೆಟ್ಟದೂರೊಂದರಲ್ಲಿ ಬ್ಯಾಗು ಹೊತ್ತು, ಮಳೆಯಲ್ಲಿ ನೆನೆಯುತ್ತಾ ನಡೆಯುತ್ತಿದ್ದೆ. ಒಂದು ಮನೆಯ ಮುಂದೆ ಜನ ಸೇರಿದ್ದರು, ಒಲೆಯ ಮೇಲೆ ದೊಡ್ಡ ಹಂಡೆ ಕುದಿಯುತ್ತಿತ್ತು. ಮನೆಯ ಯಜಮಾನ, ವಯಸ್ಸಾದವರು, ಕೈ ಹಿಡಿದು ಒಳಗೆ ಕೂರಿಸಿದರು. ಕುರಿಮಾಂಸ ಬಂತು. ಹಲಗೂರಿನವನಿಗೆ ಬಾಡು ಕಂಡಮೇಲೆ ಸಂಕೋಚ ಎಲ್ಲಿಯದು? ಇನ್ನೊಂದು ಸಲ ಹಾಕಿಸಿಕೊಂಡು, ಯಾರ ಮದುವೆ ಅಂತ ಅವರ ಮೊಮ್ಮಗಳನ್ನು ಕೇಳಿದೆ.

"ಮದುವೆಯಲ್ಲ. ನಮ್ಮಜ್ಜಿ ಸತ್ತು ಇವತ್ತಿಗೆ ನಲವತ್ತು ದಿನ" ಅಂದಳು, ಹರಕು ಇಂಗ್ಲಿಷಿನಲ್ಲಿ.

ಕೈಲಿದ್ದ ತುಂಡನ್ನು ತಟ್ಟೆಗೇ ಇಟ್ಟೆ. ಸಾವಿನ ಮನೆಯಲ್ಲಿ ಹೋಗಿಬರ್ತೀನಿ ಅನ್ನಬಾರದು ಅನ್ನೋದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಯಾರಿಗೂ ಹೇಳದೆ ಎದ್ದು ಹೊರಟೆ. ಯಜಮಾನರು ಮಳೆಯಲ್ಲೇ ಹಿಂದೆ ಓಡಿಬಂದರು. ಹೇಳದೆ ಹೊರಟಿದ್ದಕ್ಕೆ ಅವರ ಮುಖ ಸಣ್ಣದಾಗಿತ್ತು. ರೊಟ್ಟಿಯ ಪೊಟ್ಟಣವೊಂದನ್ನು ಕೈಗಿಟ್ಟು ವಾಪಸ್ಸು ಹೋದರು.

ಊರಿಗೆ ಬಂದ ದಿನ ದೊಡ್ಡವ್ವ ಮುದ್ದೆ ಕಟ್ಟುತ್ತಿದ್ದಳು. ತಿಂಗಳುಗಟ್ಟಲೆ ಬ್ರೆಡ್ಡು ತಿಂದವನಿಗೆ ಆ ವಾಸನೆಗೇ ಕಣ್ಣು ತುಂಬಿತ್ತು. ನಗುತ್ತಾಳೆ ಅಂದುಕೊಂಡು ಇದನ್ನೆಲ್ಲ ಹೇಳಿದೆ. ಅವಳ ಕೈ ನಿಂತಿತು.

"ನಿಮ್ಮಜ್ಜಿ ತಿಥಿಗೆ ಬರ್ಲಿಲ್ಲ. ಅಲ್ಯಾರ್ದೋ ಅಜ್ಜಿ ತಿಥೀಲಿ ಎಲ್ಡು ಸಲ ಆಕುಸ್ಕಂಡು ಉಂಡ್ ಬಂದಿದ್ದೀಯಲ್ಲಾ."

ಅಜ್ಜಿ ಹೋದಾಗ ನಾನು ಬೊಲಿವಿಯಾದಲ್ಲಿದ್ದೆ. ಅದನ್ನು ಹೇಳಿ ಏನು ಪ್ರಯೋಜನ? ಕೈ ತೊಳೆದು ತಟ್ಟೆಯ ಮುಂದೆ ಕೂತೆ. ದೊಡ್ಡವ್ವ ಮುದ್ದೆಯಿಟ್ಟು ಸಾರು ಬಿಟ್ಟಳು.

"ಉಣ್ಣು ಕಣ್ಲಾ. ಇದು ಯಾರ ತಿಥೀದೂ ಅಲ್ಲ."